ಹುಳು ಕೊರೆದ ಅಕ್ಷರ

ಕಳೆದ ವರ್ಷ ನನ್ನ ಸಂಶೋಧನಾ ಪ್ರಬಂಧದ ಮೂರನೆಯ ಅಧ್ಯಾಯದಿಂದ ಹನ್ನೊಂದು ಪುಟಗಳನ್ನು ತೆಗೆದುಹಾಕಬೇಕಾಯಿತು. ಕಳೆದ ಶತಮಾನದ ನಡುಭಾಗದ ಕವಿಯೊಬ್ಬರ ಕವಿತೆಯಲ್ಲಿ, ಕಾಲಿನ ಮಾತು ಬರುವ ಕಡೆ, ‘ಕೊಳ’ ಎಂಬ ಪದವಿತ್ತು. ಕಾಲಿಗೂ ಕೊಳಕ್ಕೂ ಏನು ಸಂಬಂಧ? ಈ ಪ್ರಶ್ನೆ ತಿಂಗಳುಗಟ್ಟಲೆ ನನ್ನನ್ನು ಹಿಡಿದುಕೊಂಡಿತು. ನಿಂತ ನೀರು, ಅದರಲ್ಲಿ ಕಾಣುವ ಮುಖ, ಮುಖ ನೋಡುತ್ತಾ ಮುಂದಕ್ಕೆ ನಡೆಯುವುದನ್ನೇ ಮರೆತ ಮನುಷ್ಯ ಎಂದೆಲ್ಲ ಬರೆದೆ. ಒಂದು ವಿಚಾರ ಸಂಕಿರಣದಲ್ಲಿ ಅದನ್ನು ಓದಿದೆ, ಚಪ್ಪಾಳೆಯೂ ಬಿತ್ತು. ಆಮೇಲೆ ಕವಿತೆಯ ಮೊದಲ ಮುದ್ರಣದ ಪ್ರತಿ ಕೈಗೆ ಸಿಕ್ಕಿತು. ಅಲ್ಲಿ ಇದ್ದದ್ದು ‘ಕೋಳ’. ಕಾಲಿಗೆ ತೊಡಿಸುವ ಕೋಳ, ಬೇಡಿ. ಮರುಮುದ್ರಣದಲ್ಲಿ ಒಂದು ದೀರ್ಘ ಬಿದ್ದುಹೋಗಿತ್ತು, ಅಷ್ಟೇ.

ನನ್ನ ಮಾರ್ಗದರ್ಶಕರು ಬೈಯಲಿಲ್ಲ. “ಬರವಣಿಗೆ ಚೆನ್ನಾಗಿದೆ. ಆದರೆ ನೀವು ಓದಿದ್ದು ಕವಿಯನ್ನಲ್ಲ, ಮೊಳೆ ಜೋಡಿಸಿದವನ ತೂಕಡಿಕೆಯನ್ನು” ಎಂದರು. ಬೈದಿದ್ದರೇ ಒಳ್ಳೆಯದಿತ್ತು.

ಆ ದಿನಗಳಲ್ಲಿ ಓದು ಬರಹ ಎರಡೂ ಬೇಡವೆನಿಸಿ, ನಂದಿದುರ್ಗದ ನಮ್ಮ ಮನೆಯಲ್ಲಿ ಕೂತು ಫೋನಿನಲ್ಲಿ ಚೆಸ್ ಆಡುತ್ತಿದ್ದೆ. ನಂದಿದುರ್ಗ ಎಂದರೆ ಪ್ರವಾಸಿಗರು ಸೂರ್ಯೋದಯ ನೋಡಲು ಹತ್ತುವ ಬೆಟ್ಟವಲ್ಲ. ಕೋಲಾರ ಚಿನ್ನದ ಗಣಿ ಪ್ರದೇಶದ, ಆ ಬೆಟ್ಟದ ಹೆಸರು ಹೊತ್ತ ಗಣಿ. ಫೋನಿನೊಳಗಿನ ಯಂತ್ರ ದಿನಾ ನನ್ನನ್ನು ಸೋಲಿಸುತ್ತಿತ್ತು. ಸೋತ ಬೇಸರದಲ್ಲಿ, ಯಂತ್ರದ ಎದುರು ಸೋತ ದೊಡ್ಡವರ ಕಥೆಗಳನ್ನು ಓದತೊಡಗಿದೆ. ಹಾಗೆ ಓದುವಾಗ, ನನ್ನ ‘ಕೊಳ’ದಲ್ಲಿ ನನಗಿಂತ ಮುಂಚೆ ಜಗತ್ತಿನ ಅತಿ ದೊಡ್ಡ ಆಟಗಾರನೊಬ್ಬ ಬಿದ್ದಿದ್ದು ಗೊತ್ತಾಯಿತು.

*

1997ರ ಮೇ ತಿಂಗಳು, ನ್ಯೂಯಾರ್ಕ್. ವಿಶ್ವ ಚಾಂಪಿಯನ್ ಗ್ಯಾರಿ ಕ್ಯಾಸ್ಪರೋವ್ ಎದುರು ಐಬಿಎಂ ಕಂಪನಿಯ ಡೀಪ್ ಬ್ಲೂ. ಹಿಂದಿನ ವರ್ಷ ಇದೇ ಯಂತ್ರದ ಹಳೆಯ ರೂಪವನ್ನು ಕ್ಯಾಸ್ಪರೋವ್ 4–2ರಿಂದ ಸೋಲಿಸಿದ್ದ. ಈ ಸಲ ಅದು ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಿತಿಗಳನ್ನು ಪರಿಶೀಲಿಸುವಷ್ಟು ಬಲಿತಿತ್ತು. ಆದರೂ ಮೊದಲ ಆಟವನ್ನು ಕ್ಯಾಸ್ಪರೋವ್ ಗೆದ್ದ. ಕಥೆ ಶುರುವಾಗುವುದು ಅವನು ಗೆದ್ದ ಆ ಆಟದಲ್ಲೇ.

44ನೇ ನಡೆಯಲ್ಲಿ ಡೀಪ್ ಬ್ಲೂ ತನ್ನ ಆನೆಯನ್ನು ಅರ್ಥವಿಲ್ಲದ ಒಂದು ಮನೆಗೆ ಸರಿಸಿತು. ಸೋಲುವ ಸ್ಥಿತಿಯೇ ನಿಜ, ಆದರೆ ಸೋಲನ್ನು ಮುಂದೂಡುವ ಬೇರೆ ನಡೆಗಳಿದ್ದವು. ಯಂತ್ರವೊಂದು ಇಂಥ ನಡೆಯನ್ನು ಯಾಕೆ ಆಡಿತು? ಆ ರಾತ್ರಿ ಕ್ಯಾಸ್ಪರೋವ್ ಮತ್ತು ಅವನ ಬಳಗ ಬೇರೆ ನಡೆಗಳನ್ನೆಲ್ಲ ಜಾಲಾಡಿ ಒಂದು ತೀರ್ಮಾನಕ್ಕೆ ಬಂದರು: ಉಳಿದ ದಾರಿಗಳೂ ಬಹಳ ಮುಂದೆ ಸೋಲಿಗೇ ಹೋಗುತ್ತವೆ ಎಂಬುದನ್ನು ಯಂತ್ರ ಕಂಡಿರಬೇಕು, ಇಪ್ಪತ್ತಕ್ಕೂ ಹೆಚ್ಚು ನಡೆಗಳಾಚೆಯದು ಅದಕ್ಕೆ ಕಾಣುತ್ತಿರಬೇಕು.

ನಿಜ ಸಂಗತಿ ಬೇರೆ. ಡೀಪ್ ಬ್ಲೂ ಕಟ್ಟಿದವರಲ್ಲಿ ಒಬ್ಬರಾದ ಮರ್ರೇ ಕ್ಯಾಂಪ್‌ಬೆಲ್ ವರ್ಷಗಳ ನಂತರ ಅದನ್ನು ಹೇಳಿದರು. 2012ರಲ್ಲಿ ಬಂದ ನೇಟ್ ಸಿಲ್ವರ್ ಅವರ ‘ದಿ ಸಿಗ್ನಲ್ ಅಂಡ್ ದಿ ನಾಯ್ಸ್’ ಪುಸ್ತಕದಲ್ಲಿ ಅದು ದಾಖಲಾಗಿದೆ. ಆ ನಡೆ ಪ್ರೋಗ್ರಾಮಿನಲ್ಲಿದ್ದ ಒಂದು ದೋಷದ ಫಲ. ನಡೆಯನ್ನು ಆರಿಸಲಾಗದೆ ಸಿಕ್ಕಿಬಿದ್ದ ಯಂತ್ರ ಯಾವುದೋ ಒಂದನ್ನು ಆಡಿಬಿಟ್ಟಿತ್ತು. ಎಂಜಿನಿಯರುಗಳು ಮರುದಿನವೇ ಆ ದೋಷ ಸರಿಪಡಿಸಿ ಸುಮ್ಮನಾಗಿದ್ದರು. ಕ್ಯಾಸ್ಪರೋವ್ ಆಳವೆಂದು ಓದಿದ ಜಾಗದಲ್ಲಿ ಇದ್ದದ್ದು ಒಂದು ಬಗ್. ಹುಳು.

ನಮ್ಮಲ್ಲಿ ಇದಕ್ಕೆ ಹಳೆಯ ಮಾತೊಂದಿದೆ: ಘುಣಾಕ್ಷರ ನ್ಯಾಯ. ಮರ ಕೊರೆಯುವ ಹುಳು ತನ್ನ ಪಾಡಿಗೆ ತಾನು ಕೊರೆಯುತ್ತಾ ಹೋಗುತ್ತದೆ. ಅದರ ಜಾಡು ಒಮ್ಮೊಮ್ಮೆ ಅಕ್ಷರದಂತೆ ಕಾಣುತ್ತದೆ. ಓದು ಬಲ್ಲವನು ಅದನ್ನು ಓದಿಬಿಡುತ್ತಾನೆ. ಹುಳುವಿಗೆ ಅಕ್ಷರ ಗೊತ್ತಿಲ್ಲ. ತೊಡಕು ಎಲ್ಲಿದೆ ನೋಡಿ: ಓದು ಬಾರದವನು ಈ ತಪ್ಪು ಮಾಡುವುದೇ ಇಲ್ಲ. ಅವನಿಗೆ ಅದು ಬರೀ ತೂತು. ತಪ್ಪು ಮಾಡಬೇಕಾದರೆ ಅಕ್ಷರ ಬಂದಿರಬೇಕು. ಚೆಸ್ ಅರಿಯದವನು ಡೀಪ್ ಬ್ಲೂನ ಆ ನಡೆಯಿಂದ ಕಂಗೆಡುತ್ತಿರಲಿಲ್ಲ. ಮೊದಲ ವರ್ಷದ ಬಿ.ಎ. ವಿದ್ಯಾರ್ಥಿಯೊಬ್ಬ ‘ಕೊಳ’ವನ್ನು ನೋಡಿದ್ದರೆ “ಸರ್, ಪ್ರಿಂಟ್ ತಪ್ಪಾಗಿದೆ” ಎಂದು ಮುಂದೆ ಹೋಗುತ್ತಿದ್ದ.

*

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಬರಬೇಕು. ಅರ್ಥ ಕರ್ತೃವಿನ ಉದ್ದೇಶದಲ್ಲಿಲ್ಲ, ಓದುಗನಲ್ಲಿದೆ ಎಂದು ನಾವು ತರಗತಿಗಳಲ್ಲಿ ಕಲಿತಿಲ್ಲವೆ? ಹಾಗಿದ್ದ ಮೇಲೆ ‘ಕೊಳ’ ಬರೆದದ್ದು ಕವಿಯಾದರೇನು, ಮೊಳೆ ಜೋಡಿಸಿದವನಾದರೇನು? ಆನೆ ಸರಿಸಿದ್ದು ಯೋಚನೆಯಾದರೇನು, ದೋಷವಾದರೇನು?

ಈ ವಾದ ನನಗೆ ಆಕರ್ಷಕವಾಗಿ ಕಂಡಿತ್ತು. ಹನ್ನೊಂದು ಪುಟಗಳನ್ನು ಉಳಿಸಿಕೊಳ್ಳುವ ಆಸೆಯಿಂದ ಅದನ್ನು ಮಾರ್ಗದರ್ಶಕರ ಮುಂದೆಯೂ ಇಟ್ಟೆ. ಆದರೆ ನಮ್ಮ ಕಾವ್ಯಮೀಮಾಂಸೆ ಇಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಧ್ವನಿಯನ್ನು ವಿವರಿಸುವ ಆನಂದವರ್ಧನ ಅದನ್ನು ವಿಂಗಡಿಸುವುದೇ ‘ವಿವಕ್ಷೆ’ ಎಂಬ ಪದದ ಮೇಲೆ. ವಾಚ್ಯಾರ್ಥವನ್ನು ಹೇಳುವ ಇಚ್ಛೆ ಇಲ್ಲದ್ದು ‘ಅವಿವಕ್ಷಿತವಾಚ್ಯ’. ಅದೂ ಇದ್ದು, ಇನ್ನೊಂದಕ್ಕಾಗಿ ಇರುವುದು ‘ವಿವಕ್ಷಿತಾನ್ಯಪರವಾಚ್ಯ’. ಹೇಳದೆ ಬಿಟ್ಟದ್ದನ್ನು ಕೇಳಿಸಿಕೊಳ್ಳುವವನು ಸಹೃದಯ. ಆದರೆ ಹೇಳುವ ಇಚ್ಛೆಯುಳ್ಳವರು ಆ ಕಡೆಯಲ್ಲಿ ಯಾರೋ ಇದ್ದಾರೆ ಎಂಬ ನಂಬಿಕೆಯ ಮೇಲೆ ಈ ಕೇಳುವಿಕೆ ನಿಂತಿದೆ. ಸಹೃದಯ ಎಂಬ ಪದದ ‘ಸ’ದಲ್ಲೇ ಇನ್ನೊಂದು ಹೃದಯವಿದೆ.

ಚೆಸ್ ಯಂತ್ರಕ್ಕೆ ಗೆಲ್ಲುವ ಲೆಕ್ಕವಿದೆ, ಹೇಳುವ ಇಚ್ಛೆ ಇಲ್ಲ. ಮನುಷ್ಯರು ಆಡುವಾಗ ನಡೆಗಳು ಎದುರಾಳಿಗೆ ಏನನ್ನೋ ಹೇಳುತ್ತಲೇ ಇರುತ್ತವೆ: ನಾನು ಹೆದರಿಲ್ಲ, ನಿನ್ನ ಯೋಜನೆ ಕಂಡಿದ್ದೇನೆ, ಡ್ರಾ ಸಾಕು. ಕ್ಯಾಸ್ಪರೋವ್ ಈ ಭಾಷೆಯ ದೊಡ್ಡ ಓದುಗ. ಎದುರಾಳಿಯ ಕುರ್ಚಿಯ ಸದ್ದಿನಿಂದಲೇ ಅವನ ಮನಸ್ಸು ಅಳೆಯಬಲ್ಲವನು. ಆ ದಿನ ಎದುರಿಗೆ ಕೂತಿದ್ದವರು ಯಂತ್ರದ ನಡೆಯನ್ನು ಹಲಗೆಯ ಮೇಲೆ ಆಡಿ ತೋರಿಸುವ ಎಂಜಿನಿಯರು ಮಾತ್ರ. ಓದಲು ಏನೂ ಇರಲಿಲ್ಲ. ಓದದೆ ಇರಲು ಅವನಿಗೆ ಆಗಲಿಲ್ಲ.

ಇದನ್ನು ಸಾಹಿತ್ಯ ಕಂಪ್ಯೂಟರಿಗಿಂತ ಮುಂಚೆಯೇ ಊಹಿಸಿತ್ತು. ಸ್ಟೀಫನ್ ಜ್ವೈಗ್ 1942ರಲ್ಲಿ ಸಾಯುವ ಮುಂಚೆ ಮುಗಿಸಿದ ಕೊನೆಯ ಕಥನ ಚೆಸ್ಸಿನದೇ. ಹಡಗಿನ ಮೇಲೆ ನಡೆಯುವ ಆ ಕಥೆಯಲ್ಲಿ ವಿಶ್ವ ಚಾಂಪಿಯನ್ ಒಬ್ಬ ಕಲ್ಲಿನಂಥ ಮನುಷ್ಯ, ಕಲ್ಪನೆಯೇ ಇಲ್ಲದವನು. ಅವನೆದುರು ಆಡುವವನು ಒಂಟಿ ಸೆರೆಯಲ್ಲಿ ತಲೆಯೊಳಗೇ ಸಾವಿರ ಆಟ ಆಡಿ ನರ ಸವೆಸಿಕೊಂಡವನು. ಒಡೆದುಹೋಗುವವನು ಯಾರು ಎಂದು ಹೇಳಬೇಕಿಲ್ಲ. ಹೆಚ್ಚು ಓದಬಲ್ಲವನೇ ಹೆಚ್ಚು ಬೇಗ ಒಡೆಯುತ್ತಾನೆ.

*

ಎರಡನೆಯ ಆಟ ಇನ್ನೂ ಮುಖ್ಯ. ಅದರ ಬಗ್ಗೆಯೇ ನಾನು ಈ ಲೇಖನ ಬರೆಯುತ್ತಿರುವುದು.

ಕ್ಯಾಸ್ಪರೋವ್ ಒಂದು ಬಲೆ ಹಾಕಿದ್ದ. ಅಂದಿನ ಯಂತ್ರಗಳು ದುರಾಸೆಯವು, ಪುಕ್ಕಟೆ ಪದಾತಿ ಕಂಡರೆ ಬಿಡುತ್ತಿರಲಿಲ್ಲ. ಡೀಪ್ ಬ್ಲೂ ಆ ಪದಾತಿಗಳನ್ನು ಮುಟ್ಟಲಿಲ್ಲ. ಅದರ ಬದಲು ಎದುರಾಳಿಗೆ ಉಸಿರಾಡಲು ಜಾಗವಿಲ್ಲದ ಹಾಗೆ ದಾರಿಗಳನ್ನು ಮುಚ್ಚಿತು. ಇದು ಮನುಷ್ಯನ ನಡೆ ಎಂದು ಕ್ಯಾಸ್ಪರೋವ್ ತತ್ತರಿಸಿದ. ಆಮೇಲೆ ಪತ್ರಕರ್ತರ ಮುಂದೆ, 1986ರ ವಿಶ್ವಕಪ್ಪಿನಲ್ಲಿ ಮರಡೋನಾ ಹೇಳಿಕೊಂಡ ‘ದೇವರ ಕೈ’ಯನ್ನು ನೆನಪಿಸಿ, ಒಳಗೆ ಯಾರೋ ಗ್ರ್ಯಾಂಡ್‌ಮಾಸ್ಟರ್ ಕೈಯಾಡಿಸಿದ್ದಾರೆ ಎಂಬ ಅನುಮಾನವನ್ನು ತೇಲಿಬಿಟ್ಟ. 45ನೇ ನಡೆಯ ಹೊತ್ತಿಗೆ ಆಟ ಬಿಟ್ಟುಕೊಟ್ಟು ಎದ್ದುಹೋದ.

ಮರುದಿನ ಅವನದೇ ಬಳಗ ಅವನಿಗೆ ಕೆಟ್ಟ ಸುದ್ದಿ ತಂದಿತು. ಅವನು ಬಿಟ್ಟುಕೊಟ್ಟ ಸ್ಥಿತಿಯಲ್ಲಿ ಡ್ರಾ ಇತ್ತು. ಮಂತ್ರಿಯನ್ನು ಮುಂದೆ ನುಗ್ಗಿಸಿದ್ದರೆ ಬಿಳಿ ರಾಜನಿಗೆ ನಿಲ್ಲದ ಚೆಕ್ ಕೊಡುತ್ತಾ ಹೋಗಬಹುದಿತ್ತು. ದೂರದೂರುಗಳಲ್ಲಿ ಮನೆಯ ಕಂಪ್ಯೂಟರ್ ಮುಂದೆ ಕೂತ ಹವ್ಯಾಸಿಗಳಿಗೂ ಅದು ಸಿಕ್ಕಿತ್ತು. ವಿಶ್ವ ಚಾಂಪಿಯನ್ನಿಗೆ ಸಿಕ್ಕಿರಲಿಲ್ಲ. ಹುಡುಕಿದ್ದರೆ ಸಿಗುತ್ತಿತ್ತು, ಅವನು ಹುಡುಕಲಿಲ್ಲ. ಇಷ್ಟು ಆಳ ಕಾಣುವ ಯಂತ್ರ ಇಂಥದ್ದೊಂದು ಕಿಂಡಿಯನ್ನು ಬಿಟ್ಟಿರುತ್ತದೆಯೇ ಎಂದುಕೊಂಡ.

ಮೊದಲ ಆಟದಲ್ಲಿ ಅವನು ಮಾಡಿದ್ದು ಅತಿ ಓದು. ಎರಡನೆಯದರಲ್ಲಿ ಮಾಡಿದ್ದು ಓದನ್ನೇ ಕೈಬಿಟ್ಟದ್ದು. ಮೇಲುನೋಟಕ್ಕೆ ಇವು ಎದುರುಬದುರು ತಪ್ಪುಗಳು. ಆದರೆ ಬೇರು ಒಂದೇ: ಎರಡು ಸಲವೂ ಅವನು ಹಲಗೆಯಿಂದ ಕಣ್ಣೆತ್ತಿ ಕರ್ತೃವನ್ನು ನೋಡಿದ. ಕರ್ತೃ ಸರ್ವಜ್ಞ ಎಂದುಕೊಂಡ ಕಾರಣಕ್ಕೇ ಅರ್ಥವಿಲ್ಲದ ಕಡೆ ಅರ್ಥ ಕಂಡಿತು. ಅದೇ ಕಾರಣಕ್ಕೆ, ಬಿರುಕು ಇದ್ದ ಕಡೆ ಬಿರುಕು ಕಾಣಲಿಲ್ಲ. ಮೂರು, ನಾಲ್ಕು, ಐದನೇ ಆಟಗಳು ಡ್ರಾ ಆದವು. ಮೇ 11ರಂದು ಆರನೆಯ ಆಟವನ್ನು 19 ನಡೆಗಳಲ್ಲಿ ಸೋತ. ಒಟ್ಟು 3½–2½.

ಕನ್ನಡ ವಿಮರ್ಶೆಯಲ್ಲಿ ನಾವು ಎಷ್ಟು ಸಲ ಹೀಗೆ ಡ್ರಾ ಇರುವ ಸ್ಥಿತಿಯಲ್ಲಿ ಆಟ ಬಿಟ್ಟುಕೊಟ್ಟು ಏಳುತ್ತೇವೆ ಎಂದು ಲೆಕ್ಕ ಹಾಕಿದೆ. ದೊಡ್ಡ ಕವಿಯ ಸಡಿಲ ಪದ್ಯದಲ್ಲಿ ಸಡಿಲ ಕಾಣುವುದಿಲ್ಲ, ‘ಉದ್ದೇಶಪೂರ್ವಕ ಶೈಥಿಲ್ಯ’ ಕಾಣುತ್ತದೆ. ದೊಡ್ಡ ಸಿದ್ಧಾಂತಕಾರನ ಹೆಸರು ಬಂದ ಕೂಡಲೇ ನಮ್ಮ ಮುಂದಿರುವ ಪಠ್ಯ ನಮ್ಮ ಕಡೆಗಿದ್ದರೂ ಕೈ ಎತ್ತಿಬಿಡುತ್ತೇವೆ. ‘ಕೊಳ’ದ ಮೇಲೆ ನಾನು ಬರೆದ ಹನ್ನೊಂದು ಪುಟಗಳಿಗೂ ಕಾರಣ ಇದೇ. ಅದೇ ಪದ ನನ್ನ ಸಹಪಾಠಿಯ ಕವಿತೆಯಲ್ಲಿ ಬಂದಿದ್ದರೆ ನಾನೇ ಪೆನ್ಸಿಲಿನಿಂದ ತಿದ್ದುತ್ತಿದ್ದೆ.

*

ಇಷ್ಟು ಹೇಳಿದ ಮೇಲೆ ಬಲಾಬಲದ ಪ್ರಶ್ನೆಯನ್ನು ಚೊಕ್ಕವಾಗಿ ಮುಗಿಸಬೇಕು. 1997ರ ಡೀಪ್ ಬ್ಲೂ ಕ್ಯಾಸ್ಪರೋವ್‌ಗಿಂತ ನಿಜವಾಗಿ ಬಲಶಾಲಿಯಾಗಿತ್ತೇ ಎಂಬುದು ಚರ್ಚೆಯ ಮಾತು. ಇಂದಿನ ಯಂತ್ರಗಳ ವಿಷಯದಲ್ಲಿ ಆ ಚರ್ಚೆ ಇಲ್ಲ.

1998ರಲ್ಲಿ ನಮ್ಮ ವಿಶ್ವನಾಥನ್ ಆನಂದ್ ರೆಬೆಲ್ 10 ಎಂಬ ಪ್ರೋಗ್ರಾಮಿನ ಎದುರು ಎಂಟು ಆಟ ಆಡಿದರು. ಯಂತ್ರ 5–3ರಿಂದ ಗೆದ್ದಿತು. ಒಳಗಿನ ಲೆಕ್ಕ ಸ್ವಾರಸ್ಯವಾಗಿದೆ: ಅವಸರದ ಆಟಗಳಲ್ಲಿ ಯಂತ್ರ ಮೇಲುಗೈ, ನಿಧಾನದ ಎರಡು ಆಟಗಳಲ್ಲಿ ಆನಂದ್‌ಗೆ 1½–½. ಸಮಯ ಕೊಟ್ಟರೆ ಮನುಷ್ಯ ಇನ್ನೂ ಸಾಟಿ ಎಂಬ ಕಾಲ ಅದು. 2002ರಲ್ಲಿ ಕ್ರಾಮ್ನಿಕ್ ಮತ್ತು ಡೀಪ್ ಫ್ರಿಟ್ಜ್ 4–4ರಲ್ಲಿ ಸಮ. 2005ರಲ್ಲಿ ಹೈಡ್ರಾ ಎಂಬ ಯಂತ್ರ ಮೈಕೆಲ್ ಆಡಮ್ಸ್ ಅವರನ್ನು 5½–½ರಿಂದ ಸೋಲಿಸಿತು. 2006ರಲ್ಲಿ ಕ್ರಾಮ್ನಿಕ್ ಡೀಪ್ ಫ್ರಿಟ್ಜ್‌ಗೆ 4–2ರಿಂದ ಸೋತರು, ಅದೂ ಒಂದು ಆಟದಲ್ಲಿ ಒಂದೇ ನಡೆಯ ಚೆಕ್‌ಮೇಟನ್ನು ಕಾಣದೆ. 2009ರಲ್ಲಿ ಬ್ಯೂನಸ್ ಐರಿಸ್‌ನ ಟೂರ್ನಿಯೊಂದರಲ್ಲಿ ಮೊಬೈಲ್ ಫೋನಿನಲ್ಲಿ ಓಡುತ್ತಿದ್ದ ಪ್ರೋಗ್ರಾಮು ಹತ್ತಕ್ಕೆ ಒಂಬತ್ತೂವರೆ ಅಂಕ ಗಳಿಸಿತು. 2016ರಲ್ಲಿ ಕೊಮೊಡೊ ಎಂಬ ಯಂತ್ರ ಆರಂಭದಲ್ಲೇ ಏನಾದರೊಂದು ಬಿಟ್ಟುಕೊಟ್ಟು ನಕಮುರಾ ಜೊತೆ ನಾಲ್ಕು ಆಟ ಆಡಿ, ಆಗಲೂ 2½–1½ರಿಂದ ಗೆದ್ದಿತು.

ಮನುಷ್ಯರ ಪೈಕಿ ಅತಿ ಹೆಚ್ಚಿನ ರೇಟಿಂಗ್ ಮ್ಯಾಗ್ನಸ್ ಕಾರ್ಲ್‌ಸನ್ ಅವರ 2882. ಯಂತ್ರಗಳ ಪಟ್ಟಿಯಲ್ಲಿ ಸ್ಟಾಕ್‌ಫಿಶ್ 3500ರ ಮೇಲಿದೆ. ಎರಡೂ ಬೇರೆ ಬೇರೆ ಪಟ್ಟಿಗಳು, ನೇರ ಹೋಲಿಕೆ ಸರಿಯಲ್ಲ. ಆದರೆ ಅಂದಾಜಿಗೆಂದು ಹೇಳುವುದಾದರೆ, ಎಲೋ ಲೆಕ್ಕದಲ್ಲಿ 700 ಅಂಕಗಳ ಅಂತರವೆಂದರೆ ನೂರು ಆಟಗಳಲ್ಲಿ ದುರ್ಬಲನಿಗೆ ಎರಡು ಅಂಕವೂ ಗಿಟ್ಟದ ಅಂತರ. ಈ ಯಂತ್ರ ಪುಕ್ಕಟೆ ಸಿಗುತ್ತದೆ, ನನ್ನ ಫೋನಿನಲ್ಲೇ ಇದೆ. ಬಂಗಾರಪೇಟೆ ಜಂಕ್ಷನ್ನಿನ ಬೆಂಚಿನ ಮೇಲೆ ರೈಲು ಕಾಯುತ್ತಾ ಕೂತ ಹುಡುಗಿಯ ಕೈಯಲ್ಲಿರುವ ಫೋನು ವಿಶ್ವ ಚಾಂಪಿಯನ್ನನನ್ನು ಸೋಲಿಸಬಲ್ಲದು. ಈ ಪ್ರಶ್ನೆ ಇಲ್ಲಿಗೆ ಮುಗಿಯಿತು.

ಮುಗಿಯದ ಪ್ರಶ್ನೆ ಬೇರೆಯದು. ಇಷ್ಟು ಬಲವಾದ ಯಂತ್ರ ಈಗ ಆಟಗಾರನ ಕೆಲಸ ಬಿಟ್ಟು ವಿಮರ್ಶಕನ ಕೆಲಸಕ್ಕೆ ಸೇರಿಕೊಂಡಿದೆ.

ಚೆಸ್‌ಗೆ ತನ್ನದೇ ವಿಮರ್ಶಾ ಪರಂಪರೆಯಿದೆ ಎಂಬುದು ನಮ್ಮ ಸಾಹಿತ್ಯದ ವಿದ್ಯಾರ್ಥಿಗಳಿಗೆ ಹೆಚ್ಚು ಗೊತ್ತಿಲ್ಲ. ಆಡಿದ ಆಟಕ್ಕೆ ಟಿಪ್ಪಣಿ ಬರೆಯುವುದು ಅಲ್ಲಿ ಒಂದು ಪ್ರಕಾರ. ಒಳ್ಳೆಯ ನಡೆಗೆ ಆಶ್ಚರ್ಯ ಚಿಹ್ನೆ, ಕೆಟ್ಟದ್ದಕ್ಕೆ ಪ್ರಶ್ನಾರ್ಥಕ, ನಡುವೆ ಗದ್ಯ. ‘ಇಲ್ಲಿ ಕರಿ ಕಾಯಿಯವನು ತಾಳ್ಮೆ ಕಳೆದುಕೊಂಡ’ ಎಂಬಂಥ ವಾಕ್ಯಗಳಲ್ಲಿ ಆಟ ಕಥೆಯಾಗುತ್ತಿತ್ತು. ಯಂತ್ರ ಬಂದು ಈ ಟಿಪ್ಪಣಿಗಳನ್ನು ಪರಿಶೀಲಿಸಿದಾಗ ನೂರು ವರ್ಷದ ಹಳೆಯ ಎಷ್ಟೋ ಆಶ್ಚರ್ಯ ಚಿಹ್ನೆಗಳು ಪ್ರಶ್ನಾರ್ಥಕಗಳಾದವು. ಸ್ವತಃ ಕ್ಯಾಸ್ಪರೋವ್ ತನ್ನ ಹಿಂದಿನ ಚಾಂಪಿಯನ್ನರ ಬಗ್ಗೆ ಬರೆದ ಸಂಪುಟಗಳನ್ನು, ಅವು ಕಂಪ್ಯೂಟರಿನ ನೆರವು ಪಡೆದವೇ ಆಗಿದ್ದರೂ, ಓದುಗರು ತಮ್ಮ ಯಂತ್ರಗಳಿಂದ ತಿದ್ದಿದರು. 2017ರ ‘ಡೀಪ್ ಥಿಂಕಿಂಗ್’ ಪುಸ್ತಕದಲ್ಲಿ ಅವನು 1997ರ ಆಟಗಳನ್ನು ಇಂದಿನ ಎಂಜಿನ್ನುಗಳಿಂದ ಮತ್ತೆ ನೋಡುತ್ತಾನೆ. ತಾನು ಭಯಪಟ್ಟಷ್ಟು ಡೀಪ್ ಬ್ಲೂ ದೊಡ್ಡದಿರಲಿಲ್ಲ, ತಾನೂ ಅಷ್ಟು ಚೆನ್ನಾಗಿ ಆಡಿರಲಿಲ್ಲ ಎಂಬುದನ್ನು ಇಪ್ಪತ್ತು ವರ್ಷಗಳ ನಂತರ ಒಪ್ಪಿಕೊಳ್ಳುವ ಆ ಪುಟಗಳು ಪುಸ್ತಕದ ಅತ್ಯುತ್ತಮ ಭಾಗ. ಮುಂದಿನ ಭಾಗಗಳಲ್ಲಿ ಮನುಷ್ಯ ಮತ್ತು ಯಂತ್ರ ಕೈಜೋಡಿಸುವ ಬಗ್ಗೆ ಬರುವ ಆಶಾವಾದ ನನ್ನನ್ನು ಅಷ್ಟು ತಟ್ಟಲಿಲ್ಲ. ಸೋಲನ್ನು ಬರೆಯುವಾಗ ಅವನು ಲೇಖಕ, ಭವಿಷ್ಯವನ್ನು ಬರೆಯುವಾಗ ಭಾಷಣಕಾರ.

ಈಗಿನ ನೇರ ಪ್ರಸಾರಗಳಲ್ಲಿ ಹಲಗೆಯ ಪಕ್ಕದಲ್ಲೊಂದು ಪಟ್ಟಿ ಇರುತ್ತದೆ. ಬಿಳಿಯೆಷ್ಟು ಕಪ್ಪೆಷ್ಟು ಎಂದು ಯಂತ್ರದ ತೀರ್ಪನ್ನು ಕ್ಷಣಕ್ಷಣಕ್ಕೆ ತೋರಿಸುವ ಪಟ್ಟಿ. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ಗುಕೇಶ್ ಮತ್ತು ಡಿಂಗ್ ಲಿರೆನ್ ನಡುವಿನ ಹದಿನಾಲ್ಕನೆಯ ಆಟದಲ್ಲಿ ಡಿಂಗ್ 55ನೇ ನಡೆಯಲ್ಲಿ ಆನೆಯನ್ನು ತಪ್ಪು ಮನೆಗಿಟ್ಟರು. ಪಟ್ಟಿ ಕುಸಿಯಿತು. ಚೆಸ್ ಬಾರದವರೂ ಸೇರಿ ಲಕ್ಷಾಂತರ ಜನಕ್ಕೆ ಗುಕೇಶ್‌ಗಿಂತ ಮುಂಚೆ ವಿಷಯ ಗೊತ್ತಾಯಿತು. ಗೊತ್ತಾಯಿತೇ? ಅಂಕಿ ಗೊತ್ತಾಯಿತು. ಅದು ಯಾಕೆ ತಪ್ಪು ಎಂಬುದನ್ನು ಹಲಗೆಯ ಮೇಲೆ ಹುಡುಕಿ ಕಂಡವನು ಗುಕೇಶ್ ಒಬ್ಬನೇ. ಆ ಹುಡುಗನನ್ನು ಅವನ ಗುರು ವಿಷ್ಣು ಪ್ರಸನ್ನ ಬಾಲ್ಯದ ವರ್ಷಗಳಲ್ಲಿ ಎಂಜಿನ್ನಿನಿಂದ ದೂರ ಇಟ್ಟು ಬೆಳೆಸಿದರು ಎಂಬುದನ್ನು ಇಲ್ಲಿ ನೆನೆಯಬೇಕು. ಲೆಕ್ಕ ಬರದ ಮಗುವಿಗೆ ಕ್ಯಾಲ್ಕುಲೇಟರ್ ಕೊಡದ ಹಾಗೆ.

ಇದರ ಇನ್ನೊಂದು ತುದಿ 2021ರ ಜೂನ್‌ನಲ್ಲಿ ಕಾಣಿಸಿತು. ಕೋವಿಡ್ ನೆರವಿಗಾಗಿ ನಡೆದ ಪ್ರದರ್ಶನ ಪಂದ್ಯದಲ್ಲಿ ಬೆಂಗಳೂರಿನ ಉದ್ಯಮಿ ನಿಖಿಲ್ ಕಾಮತ್ ಐದು ಸಲದ ವಿಶ್ವ ಚಾಂಪಿಯನ್ ಆನಂದ್ ಅವರನ್ನು ಸೋಲಿಸಿದರು. ಮರುದಿನ, ಬಲ್ಲವರ ಮತ್ತು ಕಂಪ್ಯೂಟರಿನ ಸಹಾಯ ಪಡೆದಿದ್ದೆ ಎಂದು ತಾವೇ ಒಪ್ಪಿಕೊಂಡರು. ಆನಂದ್ ಹೇಳಿದ್ದರ ಸಾರ ಇಷ್ಟೇ: ನಾನು ಹಲಗೆಯ ಮೇಲಿದ್ದ ಸ್ಥಿತಿಯನ್ನು ಆಡಿದೆ, ಎಲ್ಲರಿಂದಲೂ ಅದನ್ನೇ ನಿರೀಕ್ಷಿಸಿದ್ದೆ. ಸೆಮಿನಾರ್ ಪತ್ರಿಕೆಗಳನ್ನು ಯಾವ ಯಂತ್ರದಿಂದ ಬರೆಸಬಹುದು ಎಂದು ಹಾಸ್ಟೆಲ್ಲಿನಲ್ಲಿ ಚರ್ಚೆ ನಡೆಯುವ ಈ ಕಾಲದಲ್ಲಿ ಆ ಮಾತನ್ನು ನಾನು ಮೇಜಿನ ಮುಂದೆ ಅಂಟಿಸಿಕೊಂಡಿದ್ದೇನೆ.

*

ಹಾಗೆಂದು ಯಂತ್ರವನ್ನು ದೂರುವುದು ನನ್ನ ಉದ್ದೇಶವಲ್ಲ. ಮೈಸೂರಿನ ಒಂದು ಉದಾಹರಣೆ ಕೊಡುತ್ತೇನೆ.

ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡರು. 1868ರಲ್ಲಿ ತೀರಿಕೊಳ್ಳುವವರೆಗೂ ಅವರು ರಾಜ್ಯಭಾರವಿಲ್ಲದ ರಾಜರು. ಆ ವರ್ಷಗಳಲ್ಲಿ ಹಲಗೆಯಾಟಗಳ ಬಗ್ಗೆ ಅವರು ತೋರಿದ ಆಸಕ್ತಿ ಅಸಾಧಾರಣವಾದದ್ದು. ಅದರಲ್ಲೂ ಕುದುರೆಯ ಸಂಚಾರ: ಒಂದೇ ಕುದುರೆ 64 ಮನೆಗಳನ್ನೂ, ಯಾವುದನ್ನೂ ಎರಡು ಸಲ ಮೆಟ್ಟದೆ, ಸುತ್ತಿ ಬರುವುದು. ಇದು ನಮಗೆ ಕಾವ್ಯದ ವಿಷಯವೂ ಹೌದು. ಒಂಬತ್ತನೆಯ ಶತಮಾನದ ರುದ್ರಟನಿಂದ ಹಿಡಿದು, ಹದಿನಾಲ್ಕನೆಯ ಶತಮಾನದ ವೇದಾಂತ ದೇಶಿಕರವರೆಗೆ, ಕುದುರೆಯ ಜಾಡಿನಲ್ಲಿ ಓದಿಕೊಳ್ಳಬಲ್ಲ ಶ್ಲೋಕಬಂಧಗಳಿವೆ. ಮುಮ್ಮಡಿಯವರು ಮನೆಗಳಿಗೆ ಹೆಜ್ಜೆಯ ಸಂಖ್ಯೆ ಬರೆದರೆ ಅಡ್ಡಸಾಲು ಉದ್ದಸಾಲುಗಳ ಮೊತ್ತ ಎಲ್ಲ ಕಡೆಯೂ 260 ಬರುವಂಥ ಸಂಚಾರವನ್ನು ಕಟ್ಟಿದವರಲ್ಲಿ ಒಬ್ಬರು.

ಮೂಲೆಯಿಂದ ಮೂಲೆಗೂ 260 ಬರುವ ಹಾಗೆ ಕಟ್ಟಬಹುದೇ? ಒಂದೂವರೆ ಶತಮಾನ ಯಾರಿಗೂ ಗೊತ್ತಿರಲಿಲ್ಲ. 2003ರಲ್ಲಿ ಕಂಪ್ಯೂಟರುಗಳು ಅರವತ್ತೊಂದು ದಿನಗಳಷ್ಟು ಲೆಕ್ಕ ಹಾಕಿ ಹೇಳಿದವು: ಸಾಲುಗಳಲ್ಲಿ ಕೂಡುವಂಥವು, ತಿರುಗಿಸಿದ್ದನ್ನೂ ಮಗುಚಿದ್ದನ್ನೂ ಬಿಟ್ಟು, 140 ಇವೆ; ಎರಡೂ ಕರ್ಣಗಳಲ್ಲೂ ಕೂಡುವಂಥದ್ದು ಒಂದೂ ಇಲ್ಲ. ಈ ‘ಇಲ್ಲ’ವನ್ನು ಹೇಳಲು ಮನುಷ್ಯಾಯುಷ್ಯ ಸಾಲುತ್ತಿರಲಿಲ್ಲ. ಇಂಥ ಉತ್ತರಕ್ಕೆ ನಾನು ಕೈ ಮುಗಿಯುತ್ತೇನೆ. ಆದರೆ ಅಧಿಕಾರ ಕಳೆದುಕೊಂಡ ರಾಜನೊಬ್ಬ ಪ್ರತಿ ಮನೆಗೂ ಒಮ್ಮೆ ಹೋಗಿ ಬರುವ ಕುದುರೆಯನ್ನು ವರ್ಷಾನುಗಟ್ಟಲೆ ಯಾಕೆ ನಡೆಸಿದ ಎಂಬ ಪ್ರಶ್ನೆ ಆ 140ರ ಪಟ್ಟಿಯಲ್ಲಿಲ್ಲ. ಅದನ್ನು ನಾವೇ ಓದಬೇಕು. ತಪ್ಪು ಓದುವ ಅಪಾಯ ಹೊತ್ತುಕೊಂಡೇ ಓದಬೇಕು.

*

ನಮ್ಮ ತಾತ ನಂದಿದುರ್ಗ ಗಣಿಯಲ್ಲಿ ಮೂವತ್ತು ವರ್ಷ ಇಳಿದವರು. ಬಂಗಾರಪೇಟೆ ಕಡೆಯ ಹಳ್ಳಿಯವರು. ಪಕ್ಕದ ಲೈನಿನ ಮೇಸ್ತ್ರಿ ತಾತ ಅವರ ಚದುರಂಗದ ಜೊತೆಗಾರ. ಒಬ್ಬರದು ಕನ್ನಡ, ಇನ್ನೊಬ್ಬರದು ತಮಿಳು. ಇವರ ಕುದುರೆ ಅವರಿಗೆ ಕುದಿರೈ, ಇವರ ಆನೆ ಅವರಿಗೆ ಯಾನೈ. ಜಗಳ ಬಂದಾಗ ಮಾತ್ರ ಇಬ್ಬರೂ ತೆಲುಗಿಗೆ ಹೋಗುತ್ತಿದ್ದರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ಮೇಲೆ ಇಬ್ಬರಿಗೂ ದಿನವಿಡೀ ಅದೇ ಕೆಲಸ. ಮೇಸ್ತ್ರಿ ತಾತ ಕೆಲವು ಆಟಗಳನ್ನು ರೂಲು ಹಾಕಿದ ನೋಟ್ ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಇಬ್ಬರೂ ಈಗಿಲ್ಲ. ಪುಸ್ತಕ ನಮ್ಮ ಮನೆಯಲ್ಲಿದೆ.

ಆ ರಜೆಯಲ್ಲಿ ನಾನು ಅದನ್ನು ತೆಗೆದು ಒಂದೊಂದೇ ಆಟವನ್ನು ಫೋನಿಗೆ ಹಾಕತೊಡಗಿದೆ. ತಾತ ಎಷ್ಟು ಚೆನ್ನಾಗಿ ಆಡುತ್ತಿದ್ದರು ಎಂದು ಯಂತ್ರದ ಬಾಯಿಂದ ಕೇಳುವ ಆಸೆ. ಒಂಬತ್ತನೆಯ ನಡೆಯಲ್ಲಿ ಫೋನು ಸುಮ್ಮನಾಯಿತು. ತಾತನ ರಾಜ ಕುದುರೆಯಂತೆ ಜಿಗಿದು ಮೂಲೆಗೆ ಹೋಗಿದ್ದ. ಫೋನು ಆ ನಡೆಯನ್ನು ಒಪ್ಪಲಿಲ್ಲ. ಬೆರಳು ಬಿಟ್ಟರೆ ರಾಜ ಮತ್ತೆ ಹಳೆಯ ಮನೆಗೇ ಬಂದು ಕೂರುತ್ತಿದ್ದ.

ಬರೆದುಕೊಳ್ಳುವಾಗಿನ ತಪ್ಪು ಎಂದುಕೊಂಡೆ. ‘ಕೊಳ’ದ ಪೆಟ್ಟು ಹಸಿಯಾಗಿತ್ತಲ್ಲ, ಈ ಸಲ ಅರ್ಥ ಹಚ್ಚಲು ಹೋಗಲಿಲ್ಲ. ಎರಡನೆಯ ಆಟದಲ್ಲೂ ಜಿಗಿತ ಬಂತು. ಮೂರನೆಯದರಲ್ಲಿ ಮೇಸ್ತ್ರಿಯ ರಾಜ ಜಿಗಿದಿದ್ದ. ಆಗ ಹೊಳೆಯಿತು. ಅದು ನಮ್ಮ ನಾಡಿನ ಹಳೆಯ ಕಟ್ಟಳೆ: ಒಮ್ಮೆಯೂ ಚೆಕ್ ಬೀಳದ ರಾಜನಿಗೆ ಆಟದಲ್ಲಿ ಒಂದೇ ಒಂದು ಸಲ ಕುದುರೆಯ ಜಿಗಿತ. ಪದಾತಿಗೆ ಮೊದಲ ಸಲವೂ ಒಂದೇ ಮನೆ. ಜಗತ್ತಿನ ಎಲ್ಲ ಗ್ರ್ಯಾಂಡ್‌ಮಾಸ್ಟರುಗಳನ್ನು ಸೋಲಿಸಬಲ್ಲ ಯಂತ್ರ ನಂದಿದುರ್ಗದ ಲೈನು ಮನೆಯ ಜಗಲಿಯ ಮೇಲಿನ ಆಟವನ್ನು ಓದಲಾರದೆ ನಿಂತಿತ್ತು. ಬಲ ಸಾಲದೆ ಅಲ್ಲ. ಅದಕ್ಕೆ ಹೇಳಿಕೊಟ್ಟದ್ದು ಬೇರೆ ಆಟ.

ಒಂದು ಸಲ ಬಂದದ್ದು ಹುಳುವಿನ ಜಾಡಿರಬಹುದು. ಮೂರು ಸಲ, ಇಬ್ಬರ ಕೈಯಲ್ಲಿ, ಒಂದೇ ಷರತ್ತಿಗೆ ಬದ್ಧವಾಗಿ ಬಂದರೆ ಅದು ಅಕ್ಷರ. ಇಷ್ಟು ಸರಳವಾದ ವಿಧಾನವನ್ನು ‘ಕೊಳ’ದ ವಿಷಯದಲ್ಲಿ ನಾನು ಅನುಸರಿಸಿರಲಿಲ್ಲ. ಆ ಕವಿ ಬೇರೆಲ್ಲಾದರೂ ಕಾಲನ್ನೂ ಕೊಳವನ್ನೂ ಒಟ್ಟಿಗೆ ತಂದಿದ್ದಾರೆಯೇ ಎಂದು ನೋಡಿರಲಿಲ್ಲ. ಒಂದೇ ಪದ ಸಾಕೆನಿಸಿತ್ತು.

ಚಿಕ್ಕಂದಿನಲ್ಲಿ ತಾತನನ್ನು ಕೇಳಿದ್ದೆ, ಕೆಳಗೆ ಭಯ ಆಗುತ್ತಿರಲಿಲ್ಲವೇ ಎಂದು. ಕೋಲಾರದ ಗಣಿಗಳು ಮೂರು ಕಿಲೋಮೀಟರಿಗೂ ಆಳಕ್ಕೆ ಹೋದಂಥವು. ಬಂಡೆ ಸಿಡಿಯುವುದಕ್ಕೆ ಹೆಸರಾದವು. ಸಿಡಿತವನ್ನು ಮುಂಚೆಯೇ ತಿಳಿಯಲು ಕೊನೆಯ ದಶಕಗಳಲ್ಲಿ ಯಂತ್ರಗಳೂ ಬಂದವು. ತಾತನ ಕಾಲದವರು ಮೇಲಿನ ಬಂಡೆಯನ್ನು ತಟ್ಟಿ, ಸದ್ದು ಕೇಳಿ, ಮುಂದೆ ಹೋಗುತ್ತಿದ್ದರು. “ಕಲ್ಲು ಮಾತಾಡ್ತದೆ ಮಗಾ” ಎಂದಿದ್ದರು. “ಪ್ರತಿ ಸದ್ದಿಗೂ ಓಡ್ತಾ ಇದ್ರೆ ಕೂಲಿ ಹುಟ್ಟಲ್ಲ. ಯಾವ ಸದ್ದಿಗೂ ಓಡ್ದೇ ಇದ್ರೆ ಮನೆಗ್ ಬರಲ್ಲ.”

ಕಲ್ಲಿಗೆ ವಿವಕ್ಷೆ ಇಲ್ಲ ಎಂದು ಈಗ ತಾತನಿಗೆ ಹೇಳಿದರೆ ನಗುತ್ತಿದ್ದರೇನೋ. ಕಲ್ಲು ಮಾತಾಡುವುದಿಲ್ಲ ಎಂಬುದು ಅವರಿಗೂ ಗೊತ್ತಿತ್ತು. ಆದರೂ ಕೇಳಿಸಿಕೊಂಡರು, ತಟ್ಟಿ ನೋಡಿದರು, ಮತ್ತೊಮ್ಮೆ ತಟ್ಟಿದರು.

ಪ್ರಬಂಧದ ಮೂರನೆಯ ಅಧ್ಯಾಯವನ್ನು ಮತ್ತೆ ಬರೆಯುತ್ತಿದ್ದೇನೆ. ಈಗ ‘ಕೋಳ’ದ ಮೇಲೆ. ಮೊದಲ ಮುದ್ರಣ, ಮರುಮುದ್ರಣ, ಹಸ್ತಪ್ರತಿ ಮೂರನ್ನೂ ಪಕ್ಕದಲ್ಲಿಟ್ಟುಕೊಂಡು. ನಾಲ್ಕೇ ಪುಟವಾಗಿದೆ. ಸಂಜೆ ಹೊತ್ತು ತಾತನ ಮರದ ಹಲಗೆಯ ಮೇಲೆ ನೋಟ್ ಬುಕ್ಕಿನ ಆಟಗಳನ್ನು ಕೈಯಿಂದಲೇ ಆಡಿ ನೋಡುತ್ತೇನೆ. ನಾಲ್ಕನೆಯ ಆಟದಲ್ಲಿ ಮೇಸ್ತ್ರಿ ತಾತ ಸೋತು ಕೈಬಿಟ್ಟಿದ್ದಾರೆ. ಅಲ್ಲಿ ಡ್ರಾ ಇತ್ತೆಂದು ನನಗೆ ಗುಮಾನಿ, ಅವರ ರಾಜನ ಜಿಗಿತ ಇನ್ನೂ ಉಳಿದಿತ್ತು. ಕೇಳಲು ಯಾವ ಯಂತ್ರವೂ ಇಲ್ಲ. ಹುಡುಕುತ್ತಿದ್ದೇನೆ.